ವೈರ್‌ಶಾರ್ಕ್ ಜೊತೆ ಐದು ವರ್ಷ: ಓದಿದ್ದೆಲ್ಲ ಕಣ್ಣಿಗೆ ಕಂಡಿತು

ನೆಟ್‌ವರ್ಕಿಂಗ್ ಕಲಿಯಲು ಕೋಚಿಂಗ್ ಸೆಂಟರಿಗೆ 22 ಸಾವಿರ ಕಟ್ಟಿದ್ದೆ. ಅಲ್ಲಿ ನೆಟ್‌ವರ್ಕಿನ ಕೆಲಸವನ್ನು ಪದರಗಳಾಗಿ ವಿಂಗಡಿಸುವ ಓಎಸ್‌ಐ ಮಾದರಿಯ 7 ಪದರಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದರು. ಕೇಬಲ್‌ನೊಳಗೆ ನಿಜಕ್ಕೂ ಏನು ಓಡಾಡುತ್ತದೆ ಅಂತ ಒಂದು ದಿನವೂ ತೋರಿಸಲಿಲ್ಲ. ತೋರಿಸಿದ್ದು ಉಚಿತವಾಗಿ ಸಿಗುವ ವೈರ್‌ಶಾರ್ಕ್, ನೆಟ್‌ವರ್ಕಿನಲ್ಲಿ ಓಡುವ ಪ್ಯಾಕೆಟ್ಟುಗಳನ್ನು (ಮಾಹಿತಿಯ ತುಣುಕುಗಳನ್ನು) ಹಿಡಿದು ತೋರಿಸುವ ಸಾಫ್ಟ್‌ವೇರ್. 1998ರಲ್ಲಿ ಜೆರಾಲ್ಡ್ ಕೂಂಬ್ಸ್ ಇದನ್ನು ಈಥರಿಯಲ್ ಅಂತ ಹೊರತಂದಿದ್ದರು. 2006ರಿಂದ ಈ ಹೆಸರು.

ಮೊದಲ ವಾರ ತಲೆ ಕೆಟ್ಟುಹೋಯಿತು. ಕ್ಯಾಪ್ಚರ್ ಶುರು ಮಾಡಿದರೆ ಸಾವಿರಾರು ಸಾಲು ಓಡುತ್ತವೆ, ಯಾವುದನ್ನು ಹಿಡಿಯುವುದು? ದಾರಿ ಕೊಟ್ಟಿದ್ದು ಮೇಲಿರುವ ಫಿಲ್ಟರ್ ಪಟ್ಟಿ. ಸರಿಯಾಗಿ ಬರೆದರೆ ಹಸಿರು, ತಪ್ಪಿದರೆ ಕೆಂಪು. ಇವತ್ತಿಗೂ ಬೆಳಿಗ್ಗೆ ಆಫೀಸಿಗೆ ಬಂದು ಕಾಫಿ ಮುಗಿಯುವಷ್ಟರಲ್ಲಿ ಯಾವುದಾದರೂ ಒಂದೇ ಪ್ರೋಟೊಕಾಲ್ (ಯಂತ್ರಗಳು ಮಾತಾಡಿಕೊಳ್ಳುವ ನಿಯಮ) ನೋಡುತ್ತೇನೆ. ಒಂದು ದಿನ ಆರ್ಪ್, ಅಂದರೆ ಒಂದು ಐಪಿ ವಿಳಾಸ ಯಾವ ಯಂತ್ರದ್ದು ಅಂತ ಕೇಳುವ ಪ್ರೋಟೊಕಾಲ್: ‘10.10.4.1 ಯಾರ ಬಳಿ ಇದೆ? 10.10.4.57ಕ್ಕೆ ತಿಳಿಸಿ’ ಅಂತ ಲ್ಯಾಪ್‌ಟಾಪ್ ಇಡೀ ನೆಟ್‌ವರ್ಕಿಗೆ ಕೂಗಿ ಕೇಳುತ್ತದೆ. ಇನ್ನೊಂದು ದಿನ ಟಿಸಿಪಿಯ ಸಿನ್, ಸಿನ್-ಆಕ್, ಆಕ್, ಅಂದರೆ ಎರಡು ಯಂತ್ರಗಳು ಸಂಪರ್ಕ ಶುರು ಮಾಡುವ ಮೂರು ಹೆಜ್ಜೆ. ಒಂದು ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಕೆಳಗೆ ಈಥರ್‌ನೆಟ್, ಅದರೊಳಗೆ ಐಪಿ, ಅದರೊಳಗೆ ಟಿಸಿಪಿ, ಈರುಳ್ಳಿ ಸುಲಿದ ಹಾಗೆ ಬಿಚ್ಚಿಕೊಳ್ಳುತ್ತವೆ. ಬಾಯಿಪಾಠ ಮಾಡಿದ್ದ ಪದರಗಳು ಅರ್ಥವಾದದ್ದು ಆ ಕ್ಷಣ.

ಎರಡನೇ ವರ್ಷ ನಮ್ಮ ಆಫೀಸಿನಲ್ಲಿ ಬೆಳಿಗ್ಗೆ ಬೆಳಿಗ್ಗೆಯೇ ಹತ್ತಾರು ಜನರಿಗೆ ಇಂಟರ್ನೆಟ್ ಹೋಯಿತು, ಉಳಿದವರಿಗೆ ಇತ್ತು. ಎಲ್ಲರೂ ಸರ್ವಿಸ್ ಪ್ರೊವೈಡರಿಗೆ ಫೋನ್ ಹಚ್ಚಿದರು. ನಾನು ಕ್ಯಾಪ್ಚರ್ ಹಾಕಿ ನನ್ನ ಐಪಿ ವಿಳಾಸವನ್ನು ಬಿಟ್ಟುಕೊಟ್ಟು ಹೊಸದಾಗಿ ಕೇಳಿದೆ. ಐಪಿ ಹಂಚುವ ಡಿಎಚ್‌ಸಿಪಿಯಲ್ಲಿ ‘ಯಾರಾದರೂ ಐಪಿ ಕೊಡಿ’ ಅನ್ನುವ ಡಿಸ್ಕವರ್ ಒಂದೇ, ‘ಇದು ತಗೋ’ ಅನ್ನುವ ಆಫರ್ ಮಾತ್ರ ಎರಡು! ಒಂದು ನಮ್ಮ ಸರ್ವರಿನದು, ಇನ್ನೊಂದು 192.168.0.1ರಿಂದ. ಅದರ ಮ್ಯಾಕ್ ವಿಳಾಸವನ್ನು (ಯಂತ್ರದ ಹಾರ್ಡ್‌ವೇರ್ ಗುರುತನ್ನು), ಎಲ್ಲರ ಕೇಬಲ್ ಬಂದು ಸೇರುವ ಸ್ವಿಚ್ಚಿನ ಮ್ಯಾಕ್ ಟೇಬಲ್‌ನಲ್ಲಿ ಹುಡುಕಿದರೆ 17ನೇ ಪೋರ್ಟ್. ಕೇಬಲ್ ಹಿಡಿದು ಹೋದರೆ ಮೇಜಿನ ಕೆಳಗೆ ಯಾರೋ ಮನೆಯಿಂದ ತಂದು ಸಿಕ್ಕಿಸಿದ್ದ ವೈಫೈ ರೂಟರ್. ಇಂಟರ್ನೆಟ್ ಹೋದವರಿಗೆ ತಪ್ಪು ಐಪಿ ಹಂಚುತ್ತಿದ್ದದ್ದು ಅದೇ. ಇಂಥ ಬೇಡದ ಆಫರುಗಳನ್ನು ಸ್ವಿಚ್ಚಿನಲ್ಲೇ ತಡೆಯುವ ಡಿಎಚ್‌ಸಿಪಿ ಸ್ನೂಪಿಂಗ್ ಅನ್ನು ಅವತ್ತು ಸಂಜೆಯೇ ಕೂತು ಕಲಿತೆ. ನನ್ನನ್ನು ಸಪೋರ್ಟಿನಿಂದ ನೆಟ್‌ವರ್ಕ್ ಟೀಮಿಗೆ ತಂದದ್ದು ಆ ಎರಡನೇ ಆಫರ್ ಅಂತಲೇ ನಂಬಿದ್ದೇನೆ.

ಆದರೆ ಕೊರತೆಯೂ ಇದೆ, ಮೂರನೇ ವರ್ಷದಿಂದ ಅದು ಚುಚ್ಚತೊಡಗಿತು. ಸ್ವಿಚ್ ಇರುವ ಕಡೆ ಬ್ರಾಡ್‌ಕಾಸ್ಟ್ (ಎಲ್ಲರಿಗೂ ಕೂಗಿ ಹೇಳಿದ್ದು) ಬಿಟ್ಟರೆ ಹೆಚ್ಚುಕಡಿಮೆ ನಮ್ಮ ಪ್ಯಾಕೆಟ್ಟುಗಳಷ್ಟೇ ಕಾಣುತ್ತವೆ. ಬೇರೆಯವರದು ಬೇಕೆಂದರೆ ಅವರ ಪೋರ್ಟಿನ ಪ್ಯಾಕೆಟ್ಟುಗಳ ನಕಲನ್ನು ನಮ್ಮ ಪೋರ್ಟಿಗೂ ಕಳಿಸುವ ಪೋರ್ಟ್ ಮಿರರಿಂಗ್ ಬೇಕು, ಆಫೀಸಿನಲ್ಲಾದರೆ ಮೇಲಿನವರ ಒಪ್ಪಿಗೆಯೂ ಬೇಕು (ಒಪ್ಪಿಗೆ ಇಲ್ಲದೆ ದಯವಿಟ್ಟು ಮಾಡಬೇಡಿ). ಕಡೆಗೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 2,500 ರೂಪಾಯಿ ಕೊಟ್ಟು ಮಿರರಿಂಗ್ ಇರುವ ಹಳೆಯ ಸ್ವಿಚ್ ಮನೆಗೆ ತಂದೆ. ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವ ಟಿಎಲ್‌ಎಸ್ ಒಳಗಿನದಂತೂ ಕೀಲಿ ಇಲ್ಲದೆ ಓದಲಾಗದು. ಇನ್ನೊಂದು ಮಾತು: ಕಪ್ಪು ಸಾಲುಗಳು ಕಂಡರೆ ಟಿಸಿಪಿಯಲ್ಲಿ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗುತ್ತದೆ, ತಪ್ಪು ಕೇಬಲ್ಲಿನದೋ ಸರ್ವರಿನದೋ ಅನ್ನುವುದನ್ನು ನಾವೇ ಹುಡುಕಬೇಕು. ಹೊಸಬರಿಗೆ ಇಲ್ಲಿ ಜೊತೆಗೊಬ್ಬರು ಅನುಭವಸ್ಥರು ಇದ್ದರೆ ಒಳ್ಳೆಯದು. ನನಗೆ ಇರಲಿಲ್ಲ, ಒಂದು ವರ್ಷ ಹೆಚ್ಚೇ ಹಿಡಿಯಿತು.

ಆ ಹಳೆಯ ಸ್ವಿಚ್ ಈಗ ನಮ್ಮ ಟಿವಿಯ ಹಿಂದಿದೆ. ರಿಮೋಟ್‌ನಲ್ಲಿ ಆರಿಸಿದ ಮೇಲೂ ಟಿವಿ ರಾತ್ರಿಯಿಡೀ ಡಿಎನ್‌ಎಸ್ ಪ್ರಶ್ನೆ (‘ಈ ಹೆಸರಿನ ಸರ್ವರಿನ ಐಪಿ ಯಾವುದು?’) ಕೇಳುತ್ತಲೇ ಇರುವುದನ್ನು ಅಪ್ಪನಿಗೆ ತೋರಿಸಿದೆ. ಅವತ್ತಿನಿಂದ ಮಲಗುವ ಮುಂಚೆ ಅವರು ಗೋಡೆಯ ಸ್ವಿಚ್ಚನ್ನೇ ಆರಿಸುತ್ತಾರೆ.