ದಾವಣಗೆರೆಯ ಖಾಸಗಿ ನೋಟಿಸ್ ಜಾರಿ ಸೇವೆ: ನೋಟಿಸಿಗೆ ಸರಿ, ಸಮನ್ಸಿಗೆ ಅಲ್ಲ

ದಾವಣಗೆರೆಯಲ್ಲಿ ವಕೀಲರ ನೋಟಿಸನ್ನು ಎದುರುದಾರರ ಕೈಗೆ ತಲುಪಿಸಿ, ಸಹಿ ಹಾಕಿಸಿಕೊಂಡು ತಂದುಕೊಡುವ ಸಣ್ಣದೊಂದು ಖಾಸಗಿ ಸಂಸ್ಥೆಯ ಸೇವೆಯನ್ನು ನಮ್ಮ ಕುಟುಂಬದ ಮಳಿಗೆಯೊಂದನ್ನು ಬಾಡಿಗೆದಾರರಿಂದ ಬಿಡಿಸಿಕೊಳ್ಳುವ ಸಂದರ್ಭದಲ್ಲಿ ಪಡೆದಿದ್ದೆ. ಕೆಲಸದಲ್ಲಿ ಚುರುಕು ಇದೆ, ಹುಡುಗರು ಮರ್ಯಾದೆಯಿಂದ ಮಾತನಾಡುತ್ತಾರೆ, ನಗರದೊಳಗಿನ ದರವೂ ಹೊರೆಯಾಗುವಂಥದ್ದಲ್ಲ. ಆದರೆ ನ್ಯಾಯಾಲಯದ ಕಾಗದದ ವಿಷಯದಲ್ಲಿ ತಲುಪಿಸುವುದು ಅರ್ಧ ಕೆಲಸ. ತಲುಪಿಸಿದ್ದಕ್ಕೆ ಯಾರು, ಯಾವ ಅಧಿಕಾರದಿಂದ, ಏನೆಂದು ಬರೆದುಕೊಡುತ್ತಾರೆ ಎಂಬುದು ಉಳಿದರ್ಧ. ಈ ಎರಡನೆಯ ಭಾಗದಲ್ಲಿ ಸಂಸ್ಥೆ ತನ್ನ ಮಿತಿಯನ್ನು ಮೀರಿ ಮಾತನಾಡುತ್ತದೆ.

ಮೊದಲು ನೋಟಿಸಿನ ಹಂತ. ತಿಂಗಳ ಬಾಡಿಗೆಯ ಮಳಿಗೆಯನ್ನು ತೆರವು ಮಾಡಿಸಲು ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 106ನೇ ಕಲಮಿನಂತೆ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಅದನ್ನು ಅಂಚೆಯಲ್ಲಿ ಕಳುಹಿಸಬಹುದು, ಬಾಡಿಗೆದಾರರಿಗೆ ಖುದ್ದಾಗಿ ಕೊಡಬಹುದು, ಅಥವಾ ಅವರ ವಾಸದ ಮನೆಯಲ್ಲಿ ಕುಟುಂಬದವರಿಗೋ ಕೆಲಸದವರಿಗೋ ಕೊಡಬಹುದು. ಇದಾವುದೂ ಸಾಧ್ಯವಾಗದಿದ್ದರೆ ಸ್ವತ್ತಿನ ಎದ್ದುಕಾಣುವ ಭಾಗಕ್ಕೆ ಅಂಟಿಸಬಹುದು. ಇಲ್ಲಿ ಖಾಸಗಿಯವರಿಂದ ತಲುಪಿಸಲು ಕಾನೂನಿನ ಅಡ್ಡಿಯಿಲ್ಲ. ಸಂಸ್ಥೆಯ ಹುಡುಗ ಮೊದಲು ಮಳಿಗೆಗೇ ಹೋಗಿ, ಗಲ್ಲಾದ ಪಕ್ಕದಲ್ಲಿದ್ದ ಕೆಲಸದವನಿಂದ ಗೀಚಿದಂತಹ ಸಹಿಯನ್ನೂ ಅದರ ಮೇಲೆ ಅರ್ಧ ಮೂಡಿದ ಅಂಗಡಿಯ ಮೊಹರನ್ನೂ ತಂದ. ನಮ್ಮ ವಕೀಲರು ಅದನ್ನು ನೋಡಿ, ಕೆಲಸದವರಿಗೆ ಕೊಡುವುದಾದರೆ ವಾಸದ ಮನೆಯಲ್ಲಿ ಕೊಟ್ಟಿರಬೇಕು, ಅಂಗಡಿಯಲ್ಲಿ ಕೊಟ್ಟರೆ ನಾಳೆ ತಕರಾರು ಏಳುತ್ತದೆ ಎಂದರು. ಸಂಸ್ಥೆಯವರು ಮರುಮಾತಿಲ್ಲದೆ, ಹೆಚ್ಚಿನ ಹಣವನ್ನೂ ಕೇಳದೆ ಮನೆಗೆ ಹೋಗಿ ಬಾಡಿಗೆದಾರರ ವಯಸ್ಕ ಮಗನಿಂದ ಸಹಿ ಪಡೆದು ತಂದರು. ಇದಕ್ಕೆ ಅವರನ್ನು ಮೆಚ್ಚಲೇಬೇಕು. ಹಾಗೆಂದು ಅಂಚೆಯನ್ನು ಬಿಡುವಂತಿಲ್ಲ. ಅದೇ ನೋಟಿಸನ್ನು ಸ್ಪೀಡ್ ಪೋಸ್ಟ್ ಮೂಲಕವೂ ಕಳುಹಿಸಿದೆವು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿರುವುದರಿಂದ ಹಳೆಯ ರೂಢಿಯಂತೆ ರಿಜಿಸ್ಟರ್ ಮಾಡಿ ಎಂದು ಕೇಳುವವರು ಈಗ ಇದನ್ನೇ ಬಳಸಬೇಕು.

ದಾವೆ ಹೂಡಿದ ಮೇಲೆ ಸಂಸ್ಥೆಯವರು ಫೋನ್ ಮಾಡಿ, "ಸಮನ್ಸನ್ನೂ ನಾವೇ ಜಾರಿ ಮಾಡುತ್ತೇವೆ ಸರ್, ಕೋರ್ಟಿನವರನ್ನು ಕಾಯುತ್ತಾ ಕೂರಬೇಡಿ" ಎಂದರು. ಈ ಭರವಸೆಯನ್ನು ನಂಬಬಾರದು. ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ 18 ವರ್ಷ ತುಂಬಿದ, ಪ್ರಕರಣದಲ್ಲಿ ಪಕ್ಷಕಾರರಲ್ಲದ ಯಾರು ಬೇಕಾದರೂ ಸಮನ್ಸ್ ತಲುಪಿಸಬಹುದು. ಅಲ್ಲಿ ಅದೊಂದು ವೃತ್ತಿ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 9ನೇ ನಿಯಮದಲ್ಲಿ ನ್ಯಾಯಾಲಯದ ಅಧಿಕಾರಿಗೆ, ಅಂಚೆಗೆ ಮತ್ತು ಅನುಮೋದನೆ ಪಡೆದ ಕೊರಿಯರ್‌ಗಳಿಗೆ ಜಾಗವಿದೆ; ಬೋರ್ಡು ಹಾಕಿಕೊಂಡ ಮಾತ್ರಕ್ಕೆ ಯಾವ ಸಂಸ್ಥೆಗೂ ಆ ಅನುಮೋದನೆ ಬರುವುದಿಲ್ಲ. 9-ಎ ನಿಯಮದಡಿ ವಾದಿ ಅರ್ಜಿ ಹಾಕಿದರೆ, ನ್ಯಾಯಾಲಯವು ಮಾಮೂಲಿ ಜಾರಿಯ ಜೊತೆಗೆ ಹ್ಯಾಂಡ್ ಸಮನ್ಸಿಗೂ, ಅಂದರೆ ವಾದಿಯೇ ಸಮನ್ಸನ್ನು ಒಯ್ದು ಕೊಡುವುದಕ್ಕೂ, ಅನುಮತಿ ಕೊಡಬಹುದು. ಆದರೆ ಪ್ರತಿವಾದಿ ಕಾಗದವನ್ನು ನಿರಾಕರಿಸಿದರೆ ಅಥವಾ ಸಹಿ ಹಾಕದಿದ್ದರೆ ನಾವು ಬಾಗಿಲಿಗೆ ಅಂಟಿಸಿ ಬರುವಂತಿಲ್ಲ. ಮತ್ತೆ ನ್ಯಾಯಾಲಯಕ್ಕೇ ಅರ್ಜಿ ಹಾಕಿ ಸಮನ್ಸನ್ನು ಮರುಜಾರಿಗೆ ಕಳುಹಿಸಬೇಕು. ತಪ್ಪಿಸಿಕೊಳ್ಳುವ ಎದುರುದಾರರ ವಿಷಯದಲ್ಲಿ ಇದರಿಂದ ದಿನ ಕಳೆಯುವುದಷ್ಟೇ ಲಾಭ. ಸಂಸ್ಥೆಯವರು ಇದನ್ನು ಗ್ರಾಹಕರಿಗೆ ತಾವಾಗಿ ಹೇಳುವುದಿಲ್ಲ, ಮತ್ತು ನನ್ನ ಮುಖ್ಯ ಆಕ್ಷೇಪ ಇದೇ.

ನಮ್ಮ ಮೊದಲ ಪ್ರತಿವಾದಿಯಾದ ಬಾಡಿಗೆದಾರರಿಗೆ ನ್ಯಾಯಾಲಯದ ಆದೇಶ ಜಾರಿಕಾರರೇ ಸಮನ್ಸ್ ಜಾರಿ ಮಾಡಿದರು. ಒಮ್ಮೆ ಹೋದಾಗ "ಊರಿಗೆ ಹೋಗಿದ್ದಾರೆ" ಎಂಬ ಉತ್ತರ ಬಂತು. ಅವರು ಅವಸರಪಟ್ಟು ಅಂಟಿಸದೆ, ಹಾಗೆಂದೇ ಷರಾ ಬರೆದು ಹಿಂದಿರುಗಿಸಿದರು. ಮನೆಗೆಲಸದವಳು ಕೈ ಚಾಚಿದರೂ ಕೊಡಲಿಲ್ಲ, ಏಕೆಂದರೆ 15ನೇ ನಿಯಮದಲ್ಲಿ ಆಳುಗಳನ್ನು ಕುಟುಂಬದ ಸದಸ್ಯರೆಂದು ಎಣಿಸುವುದಿಲ್ಲ. 106ನೇ ಕಲಮಿನ ನೋಟಿಸಿಗೂ ಸಮನ್ಸಿಗೂ ಇರುವ ಈ ವ್ಯತ್ಯಾಸವನ್ನು ಖಾಸಗಿ ಹುಡುಗರು ತಿಳಿದಿರಲಿಲ್ಲ. ಸಮನ್ಸ್ ಹೀಗೆ ಜಾರಿಯಾಗದೆ ಮರಳಿದರೆ 7 ದಿನಗಳೊಳಗೆ ಹೊಸ ಸಮನ್ಸಿಗೆ ಅರ್ಜಿ ಹಾಕಬೇಕು, ಇಲ್ಲವಾದರೆ 9ನೇ ಆದೇಶದ 5ನೇ ನಿಯಮದಡಿ ದಾವೆಯೇ ವಜಾ ಆಗಬಹುದು ಎಂಬುದನ್ನು ಕಕ್ಷಿದಾರರು ಕ್ಲರ್ಕಿಗೆ ಬಿಟ್ಟು ಸುಮ್ಮನಿರಬಾರದು. ಮರುಜಾರಿಯಲ್ಲಿ ಬಾಡಿಗೆದಾರರು ಮನೆಯಲ್ಲೇ ಇದ್ದು ಸಹಿಗೆ ಒಪ್ಪಲಿಲ್ಲ. ಜಾರಿಕಾರರು ಚೀಲದಿಂದ ಗೋಂದಿನ ಬಾಟಲಿ ತೆಗೆದು, ವಾದಪತ್ರದ ನಕಲಿನೊಂದಿಗೆ ಸಮನ್ಸಿನ ಪ್ರತಿಯನ್ನು ಹೊರಬಾಗಿಲಿಗೆ ಅಂಟಿಸಿದರು. ಆಮೇಲೆ ಸ್ಕೂಟರಿನ ಸೀಟಿನ ಮೇಲೆ ಮೂಲ ಪ್ರತಿಯನ್ನಿಟ್ಟು, ವೇಳೆ, ನಿರಾಕರಣೆಯ ಸಂದರ್ಭ, ಮನೆಯನ್ನು ಗುರುತಿಸಿದವರ ಹೆಸರು ಮತ್ತು ವಿಳಾಸ, ಯಾರ ಸಮಕ್ಷಮ ಅಂಟಿಸಲಾಯಿತು ಎಂಬುದನ್ನೆಲ್ಲ ಸಣ್ಣ ಅಕ್ಷರದಲ್ಲಿ ಬರೆದು ಸಹಿ ತೆಗೆದುಕೊಂಡರು. 5ನೇ ಆದೇಶದ 17ನೇ ನಿಯಮ ಕೇಳುವ ವಿವರಗಳೆಲ್ಲ ಇದರಲ್ಲಿದ್ದವು. ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸಬೇಕಾದ 30 ದಿನಗಳ ಗಡುವು ಸಮನ್ಸ್ ಜಾರಿಯಾದ ದಿನದಿಂದ ಆರಂಭವಾಗುವುದರಿಂದ ಆ ಷರಾದ ಒಂದೊಂದು ಪದಕ್ಕೂ ಬೆಲೆಯಿದೆ.

ಎರಡನೆಯ ಪ್ರತಿವಾದಿಯಾದ ಬಾಡಿಗೆದಾರರ ಅಣ್ಣ ಚಿತ್ರದುರ್ಗದಲ್ಲಿದ್ದಾರೆ, ತಪ್ಪಿಸಿಕೊಳ್ಳುವವರಲ್ಲ. ಸಾಮಾನ್ಯ ದಾರಿಯಲ್ಲಾದರೆ ಸಮನ್ಸ್ ಅಲ್ಲಿಯ ನ್ಯಾಯಾಲಯಕ್ಕೆ ಹೋಗಿ, ಅಲ್ಲಿಂದ ಜಾರಿಯಾಗಿ ಮರಳಬೇಕು. ಅವರಿಗೆ ಮಾತ್ರ ಅನುಮತಿ ಪಡೆದು ಹ್ಯಾಂಡ್ ಸಮನ್ಸ್ ಒಯ್ದು ಕೊಟ್ಟೆವು, ಅವರು ಸಹಿ ಹಾಕಿದರು. ಇದಕ್ಕೂ ಸಂಸ್ಥೆಯವರು ಪ್ರಯಾಣದ ಖರ್ಚು ಸೇರಿಸಿ ದರ ಹೇಳಿದ್ದರು. ಕೊಡುವ ಅಗತ್ಯ ಕಾಣಲಿಲ್ಲ.

ಸಂಸ್ಥೆ ಕೊಡುವ ರಸೀದಿಯ ವಿಷಯಕ್ಕೆ ಬಂದರೆ, ಅದರಲ್ಲಿ ಸಹಿಗೂ ದಿನಾಂಕಕ್ಕೂ ಜಾಗವಿದೆಯೇ ಹೊರತು ಪಡೆದವರ ಸಂಬಂಧ, ವಯಸ್ಸು, ಸ್ಥಳ, ವೇಳೆ ಇವುಗಳಿಗೆ ಅಂಕಣವಿಲ್ಲ. ವಾಟ್ಸಾಪಿನಲ್ಲಿ ಸ್ಥಳದ ವಿವರ ಮೂಡಿದ ಫೋಟೋ ಕಳುಹಿಸುತ್ತಾರೆ. ನೋಡಲು ಸಮಾಧಾನವಾಗುತ್ತದೆ, ಆದರೆ ಅದನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನಂತೆ ಡಿಜಿಟಲ್ ದಾಖಲೆಯನ್ನು ದೃಢೀಕರಿಸುವ ಪ್ರಮಾಣಪತ್ರ ಬೇಕು, ಮತ್ತು ನೋಟಿಸೇ ಬಂದಿಲ್ಲವೆಂದು ಎದುರುದಾರರು ಹೇಳಿದರೆ ತಲುಪಿಸಿದ ಹುಡುಗನೇ ಕಟಕಟೆಗೆ ಬರಬೇಕಾಗಬಹುದು. ಆ ಹೊತ್ತಿಗೆ ಅವನು ಅಲ್ಲೇ ಕೆಲಸದಲ್ಲಿರುತ್ತಾನೆಂಬ ಖಾತರಿ ಯಾರು ಕೊಡುತ್ತಾರೆ? ನಾನು ಕೇಳಿದ ಮೇಲೆ ರಸೀದಿಯ ಹಿಂಬದಿಯಲ್ಲಿ ಅವನ ಪೂರ್ಣ ಹೆಸರು, ವಿಳಾಸ ಬರೆಸಿಕೊಟ್ಟರು, ಅಗತ್ಯಬಿದ್ದರೆ ಪ್ರಮಾಣಪತ್ರಕ್ಕೂ ಸಹಿ ಮಾಡಿಸುವುದಾಗಿ ಒಪ್ಪಿದರು. ಈ ಎರಡನ್ನೂ ಮುಂಗಡ ಹಣ ಕೊಡುವ ಮೊದಲೇ ಬರೆಸಿಕೊಂಡರೆ ನಗರದೊಳಗಿನ ವಕೀಲರ ನೋಟಿಸಿಗೆ ಈ ಸೇವೆಯನ್ನು ಧಾರಾಳವಾಗಿ ಬಳಸಬಹುದು. ಹರಿಹರ, ಜಗಳೂರಿನ ಕಡೆಯ ವಿಳಾಸಗಳಿಗೆ ದರ ಬೇರೆ, ಅದನ್ನು ಮೊದಲೇ ಕೇಳಿ ಖಚಿತಪಡಿಸಿಕೊಳ್ಳಬೇಕು.