ಚಿಂಟು ಟಿವಿಯೋ, ಮೊಬೈಲಿನ ಕಾರ್ಟೂನೋ?

ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಮಕ್ಕಳ ಕಾರ್ಟೂನಿಗೆ ಡಿಶ್ ಹಾಕಿಸಬೇಕೋ, ಮೊಬೈಲೇ ಸಾಕೋ? ನನ್ನ ಒಲವು ಡಿಶ್ ಕಡೆಗೆ. 2009ರಲ್ಲಿ ಶುರುವಾದ ಮಕ್ಕಳ ಚಾನೆಲ್ ಚಿಂಟು ಟಿವಿಯಲ್ಲಿ ಪಾತ್ರಗಳು ಕನ್ನಡದಲ್ಲೇ ಮಾತಾಡುತ್ತವೆ. ಅಜ್ಜಿ ಅಡಿಕೆ ಸುಲಿಯುತ್ತಲೇ ಮೊಮ್ಮಗಳ ಜೊತೆ ಕಥೆ ಕೇಳಬಹುದು. ಮಕ್ಕಳೆಲ್ಲ ಒಂದೇ ಹೊತ್ತಿಗೆ ಒಂದೇ ಕಂತು ನೋಡಿದರೆ ಮರುದಿನ ಶಾಲೆಯ ಬಸ್ಸಲ್ಲಿ ಅದೇ ಮಾತು. ಪಾತ್ರಗಳ ಮೇಲೆ ಅಭಿಮಾನ ಹುಟ್ಟೋದೇ ಅಲ್ಲಿ.

ಯೂಟ್ಯೂಬಲ್ಲಿ ಆಯ್ಕೆ ಅಪಾರ. ಬೆಂಗಳೂರಿನ ಇನ್ಫೋಬೆಲ್ಸ್‌ನವರ ಕನ್ನಡ ಶಿಶುಗೀತೆಗಳು ಪುಟಾಣಿಗಳಿಗೆ ನಿಜಕ್ಕೂ ಚೆಂದ. ಆದರೆ ಒಂದು ಮುಗಿಯುತ್ತಲೇ ಇನ್ನೊಂದು ತಾನಾಗೇ ಶುರು, ಮಗು ಏಳೋದೇ ಇಲ್ಲ. ಜಪಾನಿನ ಕಾರ್ಟೂನು ಅನಿಮೆಯ ಹುಚ್ಚು ಹಿಡಿದ ಹೈಸ್ಕೂಲು ಮಕ್ಕಳಿಗಾದರೆ ಮೊಬೈಲೇ ಸರಿ.

ಆರಿದ್ರಾ ಮಳೆಗೆ ಎರಡೂ ಕೈಕೊಡುತ್ತವೆ: ಡಿಶ್‌ಗೆ ಸಿಗ್ನಲ್ ಇಲ್ಲ, ಕರೆಂಟ್ ಹೋದರೆ ಟವರೂ ಇಲ್ಲ. ಆಗ ಮೊದಲೇ ಡೌನ್‌ಲೋಡ್ ಮಾಡಿಟ್ಟ ಕಂತುಗಳೇ ಗತಿ.