ಟಿಪಿ-ಲಿಂಕ್ ಆರ್ಚರ್ ಸಿ6: ಮನೆಯಲ್ಲಿ ಗೇಮ್ ಸರ್ವರ್ ಇಡುವವರಿಗೆ ಆಗುತ್ತದೆಯೇ?

ಹಾಸನದ ಬಿ.ಎಂ. ರಸ್ತೆಗೋ ಚಿಕ್ಕಮಗಳೂರಿನ ಎಂ.ಜಿ. ರಸ್ತೆಗೋ ಹೋಗಿ ಹೊಸ ರೂಟರ್ ತರುವ ಮೊದಲು, ಈಗ ಮನೆಯಲ್ಲಿರುವ ಫೈಬರ್ ಡಬ್ಬಿಯಲ್ಲೇ (ಇಂಟರ್ನೆಟ್ ಕಂಪನಿ ಕೊಟ್ಟ ಪೆಟ್ಟಿಗೆ) ಒಂದು ಪರೀಕ್ಷೆ ಮಾಡಿಬಿಡಿ. ಬ್ರೌಸರಿನಲ್ಲಿ ಅದರ ಸೆಟ್ಟಿಂಗ್ ಪುಟ ತೆರೆದು ವ್ಯಾನ್ ಐಪಿ (ಹೊರಗಿನ ಲೈನಿನ ಕಡೆಯ ವಿಳಾಸ) ಎಂದು ಏನು ತೋರಿಸುತ್ತದೆ ನೋಡಿ. ಆಮೇಲೆ ಗೂಗಲ್‌ನಲ್ಲಿ 'ವಾಟ್ ಈಸ್ ಮೈ ಐಪಿ' ಎಂದು ಹುಡುಕಿ. ಅಲ್ಲಿ ಕೋಲನ್‌ಗಳಿರುವ ಉದ್ದದ ವಿಳಾಸ ಬಂದರೆ ಅದು ಐಪಿವಿ6. ನೀವು ಹೋಲಿಸಬೇಕಾದ್ದು ಐಪಿವಿ4, ಅಂದರೆ ನಡುವೆ ಚುಕ್ಕಿಗಳಿರುವ ನಾಲ್ಕು ಸಂಖ್ಯೆಗಳ ವಿಳಾಸ. ಎರಡು ಕಡೆಯೂ ಒಂದೇ ಸಂಖ್ಯೆ ಬಂದರೆ ಆರ್ಚರ್ ಸಿ6 ಕೊಟ್ಟ ಕಾಸಿಗೆ ಮೋಸವಿಲ್ಲದ ಪೆಟ್ಟಿಗೆ. ವ್ಯಾನ್ ಐಪಿ 100.64ರಿಂದ 100.127ರೊಳಗೆ ಇದ್ದರೆ ಅಥವಾ 10ರಿಂದ ಶುರುವಾಗಿದ್ದರೆ ನಿಮ್ಮ ಲೈನು ಸಿಜಿನ್ಯಾಟ್ ಹಿಂದೆ ಇದೆ ಎಂದೇ ಲೆಕ್ಕ. ಅಂದರೆ ಒಂದೇ ಸಾರ್ವಜನಿಕ ಐಪಿಯನ್ನು ಕಂಪನಿ ಹಲವು ಮನೆಗಳಿಗೆ ಹಂಚಿದೆ. ಹೊರಗಿನ ಗೆಳೆಯ ನಿಮ್ಮ ಸರ್ವರ್‌ಗೆ ಬರಲು ನೋಡಿದರೆ, ಯಾವ ಮನೆಗೆ ಕಳಿಸಬೇಕೆಂದು ತಿಳಿಯದೆ ಕಂಪನಿಯ ಯಂತ್ರವೇ ಅದನ್ನು ಬಿಸಾಡುತ್ತದೆ. ಆಗ ಎಷ್ಟು ದುಬಾರಿ ರೂಟರ್ ತಂದರೂ ಪೋರ್ಟ್ (ಹೊರಗಿನವರು ಸರ್ವರ್‌ಗೆ ಬರುವ, ಸಂಖ್ಯೆ ಇರುವ ಬಾಗಿಲು) ತೆರೆಯುವುದಿಲ್ಲ.

ಲೈನು ಸರಿಯಿದೆ ಎಂದಿಟ್ಟುಕೊಂಡು ಪೆಟ್ಟಿಗೆಯ ವಿಷಯಕ್ಕೆ ಬರೋಣ. ಇದು ಎಸಿ1200 ವರ್ಗದ ವೈಫೈ 5 ರೂಟರ್. ಒಂದು ವ್ಯಾನ್ (ಹೊರಗಿನ ಲೈನಿಗೆ), ನಾಲ್ಕು ಲ್ಯಾನ್ (ಮನೆಯ ಯಂತ್ರಗಳಿಗೆ), ಐದೂ ಗಿಗಾಬಿಟ್ ವೇಗದ ಕೇಬಲ್ ಕಿಂಡಿಗಳು. ಯುಎಸ್‌ಬಿ ಇಲ್ಲ. ವೈಫೈ 6 ಇಲ್ಲವಲ್ಲ ಎಂದು ಕೊರಗಬೇಕಿಲ್ಲ; ಸರ್ವರ್ ಇರುವ ಪಿಸಿಗೆ ಹೇಗಿದ್ದರೂ ಕ್ಯಾಟ್ 6 ಅಥವಾ ಕ್ಯಾಟ್ 5ಇ ಕೇಬಲ್ ಎಳೆಯಲೇಬೇಕು. ವೈಫೈಯಲ್ಲಿ ಸರ್ವರ್ ನಡೆಸಿ ಲ್ಯಾಗ್ ಎಂದು ರೂಟರ್‌ಗೆ ಬೈಯುವುದು ನ್ಯಾಯವಲ್ಲ. ಕೊಳ್ಳುವಾಗ ತಳದ ಸ್ಟಿಕ್ಕರಿನಲ್ಲಿ ಹಾರ್ಡ್‌ವೇರ್ ಆವೃತ್ತಿ ಬರೆದುಕೊಳ್ಳಿ. ಒಂದು ಆವೃತ್ತಿಯ ಫರ್ಮ್‌ವೇರ್ (ರೂಟರ್ ಒಳಗಿನ ತಂತ್ರಾಂಶ) ಇನ್ನೊಂದಕ್ಕೆ ಹಾಕುವಂತಿಲ್ಲ, ಮೆನು ಹೆಸರುಗಳೂ ಸ್ವಲ್ಪ ಬೇರೆ.

ಈ ರೂಟರ್‌ನ ಗಟ್ಟಿ ಅಂಶ ಅದರ ಸೆಟ್ಟಿಂಗ್ ಪುಟ. 'ಅಡ್ವಾನ್ಸ್ಡ್' ಒಳಗೆ ಮೊದಲು (ಮನೆಯ ಯಂತ್ರಗಳಿಗೆ ಐಪಿ ಹಂಚುವ) ಡಿಎಚ್‌ಸಿಪಿ ಸರ್ವರ್ ಪುಟಕ್ಕೆ ಹೋಗಿ 'ಅಡ್ರೆಸ್ ರಿಸರ್ವೇಶನ್'ನಲ್ಲಿ ಪಿಸಿಗೆ ಒಂದು ಐಪಿ ಕಾಯ್ದಿರಿಸಿ, ಉದಾಹರಣೆಗೆ 192.168.0.50. ಆಮೇಲೆ 'ನ್ಯಾಟ್ ಫಾರ್ವರ್ಡಿಂಗ್' ಒಳಗೆ 'ಪೋರ್ಟ್ ಫಾರ್ವರ್ಡಿಂಗ್' (ಹಳೆಯ ಫರ್ಮ್‌ವೇರ್‌ನಲ್ಲಿ 'ವರ್ಚುವಲ್ ಸರ್ವರ್ಸ್') ಪುಟದಲ್ಲಿ, ಹೊರಗಿನಿಂದ ಬಂದದ್ದನ್ನು ಆ ಪಿಸಿಗೆ ಕಳಿಸುವ ನಿಯಮ ಬರೆಯಿರಿ. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ ಆದರೆ ಹೊರಗಿನ ಪೋರ್ಟ್ 25565, ಒಳಗಿನದೂ 25565, ಪ್ರೋಟೋಕಾಲ್ (ಮಾಹಿತಿ ಸಾಗಿಸುವ ಬಗೆ) ಟಿಸಿಪಿ. ಅದರ ಬೆಡ್‌ರಾಕ್ ಆವೃತ್ತಿ ಆದರೆ 19132, ಯುಡಿಪಿ. ವ್ಯಾಲ್‌ಹೈಮ್‌ಗೆ 2456 ಮತ್ತು 2457, ಯುಡಿಪಿ. ಟೆರೇರಿಯಾಗೆ 7777, ಟಿಸಿಪಿ. ಪೋರ್ಟ್ ಸಂಖ್ಯೆ ಸರಿ ಹಾಕಿ ಪ್ರೋಟೋಕಾಲ್ ತಪ್ಪಿಸಿದವರೇ ಹೆಚ್ಚು. ಅನುಮಾನವಿದ್ದರೆ 'ಆಲ್' ಆರಿಸಿ.

ರಿಸರ್ವೇಶನ್‌ನಲ್ಲಿ ಎಡವುವ ಜಾಗ ಒಂದಿದೆ. ಪಿಸಿಗೆ ವೈಫೈಗೊಂದು, ಕೇಬಲ್‌ಗೊಂದು ಹೀಗೆ ಎರಡು ಮ್ಯಾಕ್ ವಿಳಾಸಗಳು (ನೆಟ್‌ವರ್ಕ್ ಭಾಗದ ಗುರುತು ಸಂಖ್ಯೆಗಳು) ಇರುತ್ತವೆ. ವೈಫೈಯಲ್ಲಿದ್ದಾಗ ಕಾಯ್ದಿರಿಸಿ, ಮರುದಿನ ಕೇಬಲ್ ಸಿಕ್ಕಿಸಿದರೆ ಬೇರೆ ಐಪಿ ಬರುತ್ತದೆ. ಫಾರ್ವರ್ಡಿಂಗ್ ಮಾತ್ರ ಖಾಲಿ ವಿಳಾಸಕ್ಕೆ ತೋರಿಸುತ್ತಲೇ ಇರುತ್ತದೆ.

'ಹಳೆ ರೂಟರ್‌ನಲ್ಲಿ ನಡೀತಿತ್ತು, ಹೊಸದರಲ್ಲಿ ನಡೀತಿಲ್ಲ' ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ಪಿಸಿಯಲ್ಲೇ ಸಿಗುತ್ತದೆ. ರೂಟರ್ ಬದಲಾದ ಕೂಡಲೇ ವಿಂಡೋಸ್ ಇದನ್ನು ಹೊಸ ನೆಟ್‌ವರ್ಕ್ ಎಂದು ತಿಳಿದು 'ಪಬ್ಲಿಕ್' ಪಟ್ಟಿಗೆ ಸೇರಿಸುತ್ತದೆ. ಜಾವಾಕ್ಕೆ (ಮೈನ್‌ಕ್ರಾಫ್ಟ್ ಸರ್ವರ್ ಓಡಿಸುವ ತಂತ್ರಾಂಶ) ನೀವು ಹಿಂದೆ ಕೊಟ್ಟ ಫೈರ್‌ವಾಲ್ (ಒಳಬರುವ ಸಂಪರ್ಕ ತಡೆಯುವ ಕಾವಲು) ಅನುಮತಿ 'ಪ್ರೈವೇಟ್'ಗೆ ಮಾತ್ರ ಇದ್ದರೆ ಅದು ಈಗ ಲೆಕ್ಕಕ್ಕಿಲ್ಲ. ನೆಟ್‌ವರ್ಕ್ ಅನ್ನು ಪ್ರೈವೇಟ್ ಮಾಡಿ, ಇಲ್ಲವೇ 25565ಕ್ಕೆ ಪ್ರತ್ಯೇಕ ಇನ್‌ಬೌಂಡ್ ನಿಯಮ ಬರೆಯಿರಿ. ಇನ್ನೊಂದು: ಫೈಬರ್ ಡಬ್ಬಿ 192.168.1 ಸಾಲಿನ ವಿಳಾಸ ಕೊಡುತ್ತಿತ್ತು, ಸಿ6 ಕೊಡುವುದು 192.168.0 ಸಾಲಿನದು ಎಂದಾದರೆ, ಪಿಸಿಯಲ್ಲಿ ಕೈಯಾರೆ ಬರೆದಿಟ್ಟ ಹಳೆ ಐಪಿ ಕೆಲಸಕ್ಕೆ ಬಾರದು. ಮೈನ್‌ಕ್ರಾಫ್ಟ್‌ನ ಸರ್ವರ್ ಪ್ರಾಪರ್ಟೀಸ್ ಕಡತದಲ್ಲಿ 'ಸರ್ವರ್-ಐಪಿ' ಎದುರು ಹಳೆ ವಿಳಾಸ ಕೂತಿದ್ದರೆ ಅದನ್ನೂ ಅಳಿಸಿ ಖಾಲಿ ಬಿಡಿ.

ಸಿ6 ಅನ್ನು ಕಂಪನಿಯ ಫೈಬರ್ ಡಬ್ಬಿಯ ಹಿಂದೆ ಹಾಗೇ ಸಿಕ್ಕಿಸಿದರೆ ಡಬಲ್ ನ್ಯಾಟ್ ಆಗುತ್ತದೆ, ಅಂದರೆ ಎರಡು ಪೆಟ್ಟಿಗೆಗಳೂ ರೂಟರ್ ಕೆಲಸ ಮಾಡಿ ವಿಳಾಸ ಬದಲಿಸುತ್ತವೆ. ಗುರುತು ಸುಲಭ: ಸಿ6ನ ಇಂಟರ್ನೆಟ್ ಐಪಿಯೇ 192.168ರಿಂದ ಶುರುವಾಗಿರುತ್ತದೆ. ಸರಿಯಾದ ಪರಿಹಾರ ಎಂದರೆ ಇಂಟರ್ನೆಟ್ ಕಂಪನಿಯವರಿಗೆ ಫೋನ್ ಮಾಡಿ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಲೈನನ್ನು ಹಾಗೇ ದಾಟಿಸುವ ಸ್ಥಿತಿ) ಹಾಕಿಸಿ, ಪಿಪಿಪಿಒಇ (ಲೈನಿಗೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್ ಮತ್ತು ವಿಲ್ಯಾನ್ ಸಂಖ್ಯೆ (ಲೈನಿನಲ್ಲಿ ಇಂಟರ್ನೆಟ್‌ಗೆ ಕಂಪನಿ ಇಟ್ಟ ಗುರುತು) ಕೇಳಿ ಪಡೆಯುವುದು. ವಿಲ್ಯಾನ್ ಹಾಕುವ ಜಾಗ ಸಿ6ನಲ್ಲಿ 'ಐಪಿಟಿವಿ/ವಿಲ್ಯಾನ್' ಪುಟದಲ್ಲಿದೆ. ಹೆಸರು ನೋಡಿ ಟಿವಿಗೆ ಸಂಬಂಧಿಸಿದ್ದು ಎಂದು ಬಿಟ್ಟುಬಿಡುತ್ತಾರೆ, ಆಮೇಲೆ ನೆಟ್ ಬರುತ್ತಿಲ್ಲ ಎನ್ನುತ್ತಾರೆ. ಊರಿನ ಸಣ್ಣ ಆಪರೇಟರ್‌ಗಳಲ್ಲಿ ಕೆಲವರು ಮ್ಯಾಕ್ ವಿಳಾಸವನ್ನೂ ಕಟ್ಟಿಹಾಕಿರುತ್ತಾರೆ. ಹಾಗಿದ್ದರೆ ಹಳೆಯದರ ಮ್ಯಾಕ್ ಅನ್ನು ಸಿ6ಗೆ ಕ್ಲೋನ್ (ನಕಲು) ಮಾಡಿ ಅಥವಾ ಹೊಸದನ್ನು ಅವರಿಗೆ ಹೇಳಿ ನೋಂದಾಯಿಸಿ. ಬ್ರಿಡ್ಜ್ ಮಾಡಿಕೊಡದಿದ್ದರೆ ಫೈಬರ್ ಡಬ್ಬಿಯಲ್ಲಿ ಸಿ6ನ ವ್ಯಾನ್ ವಿಳಾಸಕ್ಕೆ, ಸಿ6ನಲ್ಲಿ ಪಿಸಿಗೆ, ಹೀಗೆ ಎರಡು ಕಡೆ ಫಾರ್ವರ್ಡ್ ಮಾಡಿ. ಸಿ6 ಅನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ರೂಟರ್ ಕೆಲಸವಿಲ್ಲದೆ ವೈಫೈ ಹರಡುವ ಸ್ಥಿತಿ) ಹಾಕಿದರೆ ಅದರ ಫಾರ್ವರ್ಡಿಂಗ್ ಕೆಲಸ ಮಾಡುವುದಿಲ್ಲ. ಆಗ ಎಲ್ಲವೂ ಫೈಬರ್ ಡಬ್ಬಿಯಲ್ಲೇ ಆಗಬೇಕು.

ಪರೀಕ್ಷೆ ಯಾವಾಗಲೂ ಒಳಗಿನಿಂದ ಹೊರಕ್ಕೆ ಹೋಗಲಿ. ಸರ್ವರ್ ಪಿಸಿಯಲ್ಲೇ ಗೇಮ್ ತೆರೆದು 127.0.0.1ಕ್ಕೆ (ಅಂದರೆ ಅದೇ ಪಿಸಿಗೆ) ಸೇರಿ, ಆಗದಿದ್ದರೆ ಸರ್ವರ್ರೇ ಎದ್ದಿಲ್ಲ. ಮನೆಯ ಇನ್ನೊಂದು ಲ್ಯಾಪ್‌ಟಾಪಿನಿಂದ 192.168.0.50ಕ್ಕೆ ಸೇರಿ, ಆಗದಿದ್ದರೆ ಫೈರ್‌ವಾಲ್, ಅಥವಾ ಲ್ಯಾಪ್‌ಟಾಪ್ ಗೆಸ್ಟ್ ವೈಫೈಯಲ್ಲಿದೆ. ಮೂರನೆಯದನ್ನು ಆ ಲ್ಯಾಪ್‌ಟಾಪಿಗೆ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಸಾರ್ವಜನಿಕ ಐಪಿಗೆ ಮಾಡಿ. ಮನೆಯೊಳಗಿನಿಂದಲೇ ಸಾರ್ವಜನಿಕ ಐಪಿ ಹಾಕಿ ನೋಡಬೇಡಿ. ನ್ಯಾಟ್ ಲೂಪ್‌ಬ್ಯಾಕ್ (ಒಳಗಿನಿಂದ ಸಾರ್ವಜನಿಕ ಐಪಿಗೆ ಹೊರಟದ್ದನ್ನು ಮತ್ತೆ ಒಳಕ್ಕೇ ತಿರುಗಿಸುವ ಸೌಲಭ್ಯ) ಇಲ್ಲದ ಡಬ್ಬಿ ನಡುವೆ ಇದ್ದರೆ, ಹೊರಗಿನವರಿಗೆ ಚೆನ್ನಾಗಿ ನಡೆಯುವ ಸರ್ವರ್ ಕೂಡ ಒಳಗೆ ಸತ್ತಂತೆ ಕಾಣುತ್ತದೆ.

ದೋಷ ಸಂದೇಶವನ್ನೂ ಓದಿ. 'ಕನೆಕ್ಷನ್ ರೆಫ್ಯೂಸ್ಡ್' ಬಂದರೆ ಬಾಗಿಲು ತಟ್ಟಿದ್ದು ಯಾವುದೋ ಯಂತ್ರಕ್ಕೆ ಕೇಳಿಸಿದೆ, ಆ ಪೋರ್ಟ್‌ನಲ್ಲಿ ಯಾರೂ ಕೂತಿಲ್ಲ: ಸರ್ವರ್ ಆಫ್, ಅಥವಾ ಪೋರ್ಟ್ ಸಂಖ್ಯೆ ತಪ್ಪು. 'ಟೈಮ್ಡ್ ಔಟ್' ಬಂದರೆ ದಾರಿಯಲ್ಲೇ ಎಲ್ಲೋ ನುಂಗಿದ್ದಾರೆ: ಫೈರ್‌ವಾಲ್, ಡಬಲ್ ನ್ಯಾಟ್, ಸಿಜಿನ್ಯಾಟ್. ಪೋರ್ಟ್ ಚೆಕ್ ಮಾಡುವ ಜಾಲತಾಣಗಳು ಸಾಮಾನ್ಯವಾಗಿ ಟಿಸಿಪಿ ಮಾತ್ರ ನೋಡುತ್ತವೆ, ಅದೂ ಸರ್ವರ್ ಓಡುತ್ತಿದ್ದರೆ ಮಾತ್ರ 'ಓಪನ್' ಎನ್ನುತ್ತವೆ. ಬೆಡ್‌ರಾಕ್‌ನವರು ಅವುಗಳನ್ನು ನಂಬಿ ತಲೆ ಕೆಡಿಸಿಕೊಳ್ಳಬಾರದು.

ಸಿಜಿನ್ಯಾಟ್ ಇದ್ದವರ ಮುಂದೆ ಇರುವ ನೇರ ದಾರಿ, ತಿಂಗಳಿಗೋ ವರ್ಷಕ್ಕೋ ಹೆಚ್ಚುವರಿ ಹಣ ಕೊಟ್ಟು ಸ್ಟ್ಯಾಟಿಕ್ ಐಪಿ (ಬದಲಾಗದ ಸಾರ್ವಜನಿಕ ವಿಳಾಸ) ಪಡೆಯುವುದು. ರೂಟರ್‌ಗೆ ಇಟ್ಟ ಬಜೆಟ್ ಇದ್ದರೆ ಮೊದಲು ಇದಕ್ಕೆ ಹಾಕಿ. ಸಿ6ನೊಳಗಿನ ಡಿಡಿಎನ್ಎಸ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ಬದಲಾಗುವ ಐಪಿಗೆ ಒಂದು ಹೆಸರು ಕೊಡುತ್ತದೆ ಅಷ್ಟೆ, ಮುಚ್ಚಿದ ದಾರಿ ತೆರೆಯುವುದಿಲ್ಲ. ಹಣ ಕೊಡಲು ಮನಸ್ಸಿಲ್ಲದಿದ್ದರೆ ಟೇಲ್‌ಸ್ಕೇಲ್ (ಯಂತ್ರಗಳನ್ನು ಒಂದು ಖಾಸಗಿ ಜಾಲಕ್ಕೆ ಸೇರಿಸುವ ತಂತ್ರಾಂಶ) ಇದೆ, ಆದರೆ ಆಡುವ ಪ್ರತಿಯೊಬ್ಬರೂ ಅದನ್ನು ಹಾಕಿಕೊಳ್ಳಬೇಕು. (ಅದೂ 100.64ರಿಂದ 100.127ರೊಳಗಿನ ವಿಳಾಸವನ್ನೇ ಕೊಡುತ್ತದೆ, ನೋಡಿ ಗಾಬರಿಯಾಗಬೇಡಿ.) ಪ್ಲೇಇಟ್‌ನಂಥ ಟನಲ್ ಸೇವೆ (ತನ್ನ ಯಂತ್ರಗಳ ಮೂಲಕ ಸಂಪರ್ಕ ಹಾಯಿಸುವುದು) ಸರ್ವರ್ ಪಿಸಿಯಲ್ಲಿ ಮಾತ್ರ ಇದ್ದರೆ ಸಾಕು, ಬದಲಿಗೆ ಪಿಂಗ್ (ಉತ್ತರ ಬರುವ ವಿಳಂಬ) ಏರುತ್ತದೆ. ಈ ಎರಡಕ್ಕೂ ಹೊಸ ರೂಟರ್ ಬೇಕಾಗಿಲ್ಲ.

ಪೋರ್ಟ್ ತೆರೆಯಲಾಗದೆ ಬೇಸತ್ತು ಪಿಸಿಯನ್ನು ಡಿಎಂಜೆಡ್‌ಗೆ ಹಾಕುವ ಸಲಹೆ ಗೆಳೆಯರ ಗುಂಪಿನಲ್ಲಿ ಬಂದೇ ಬರುತ್ತದೆ. ಕೇಳಬೇಡಿ; ಅದು ಬೇರೆಡೆ ಫಾರ್ವರ್ಡ್ ಆಗದ ಎಲ್ಲ ಪೋರ್ಟ್‌ಗಳನ್ನೂ ಪಿಸಿಯತ್ತ ತಿರುಗಿಸುತ್ತದೆ. 25565 ತೆರೆದಿರುವ ಮನೆಗಳನ್ನು ಬಾಟ್‌ಗಳು ಹುಡುಕುತ್ತಲೇ ಇರುತ್ತವೆ. ವೈಟ್‌ಲಿಸ್ಟ್ (ಪಟ್ಟಿಯಲ್ಲಿದ್ದವರಿಗೆ ಮಾತ್ರ ಪ್ರವೇಶ) ಆನ್ ಮಾಡಿ, ಆನ್‌ಲೈನ್-ಮೋಡ್ (ಆಟಗಾರರ ಖಾತೆ ಅಸಲಿಯೇ ಎಂದು ನೋಡುವ ಆಯ್ಕೆ) ಟ್ರೂ ಇರಲಿ. 2021ರ ಡಿಸೆಂಬರಿನ ಲಾಗ್4ಶೆಲ್ ದೋಷ (ಹೊರಗಿನವರು ಸರ್ವರ್‌ನಲ್ಲಿ ತಮ್ಮ ಕೋಡ್ ಓಡಿಸಬಹುದಾಗಿದ್ದ ಲೋಪ) ಸರಿಯಾದದ್ದು ಮೈನ್‌ಕ್ರಾಫ್ಟ್ ಜಾವಾ 1.18.1ರಲ್ಲಿ. ಮಾಡ್‌ಗಳಿಗಾಗಿ ಅದಕ್ಕಿಂತ ಹಳೆಯ ಆವೃತ್ತಿಯಲ್ಲೇ ಉಳಿದವರು ಮೈನ್‌ಕ್ರಾಫ್ಟ್ ತಯಾರಕರಾದ ಮೊಜಾಂಗ್ ಹೇಳಿದ ತಿದ್ದುಪಡಿ ಹಾಕದೆ ಪೋರ್ಟ್ ತೆರೆಯಬಾರದು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಇಲ್ಲದ ಮನೆಯಲ್ಲಿ ಸಿ6ನ ಯುಪಿಎನ್‌ಪಿಯನ್ನೂ (ಯಂತ್ರಗಳು ತಾವೇ ಪೋರ್ಟ್ ತೆರೆಸಿಕೊಳ್ಳುವ ಸೌಲಭ್ಯ) ಆಫ್ ಮಾಡಬಹುದು.

ನಮ್ಮ ಅಂಕ: ಸಾರ್ವಜನಿಕ ಐಪಿ ಇರುವವರಿಗೆ 5ಕ್ಕೆ 4. ಯುಎಸ್‌ಬಿ ಇಲ್ಲದ್ದಕ್ಕೆ, ಆವೃತ್ತಿಗಳ ಗೊಂದಲಕ್ಕೆ ಒಂದು ಕಳೆದಿದೆ. ಫೈಬರ್ ಡಬ್ಬಿಯ ಅಡ್ಮಿನ್ ಪುಟ ನಿಮ್ಮ ಕೈಯಲ್ಲೇ ಇದ್ದು, ಪೋರ್ಟ್ ಫಾರ್ವರ್ಡಿಂಗ್ ಅದರಲ್ಲೇ ನಡೆಯುತ್ತಿದ್ದರೆ ಇದನ್ನು ಕೊಳ್ಳುವ ಅಗತ್ಯವೇ ಇಲ್ಲ.

ಕೊಂಡವರು ಜೊತೆಗೆ 12 ವೋಲ್ಟ್‌ನ ಮಿನಿ ಯುಪಿಎಸ್ ಒಂದನ್ನೂ ನೋಡಿ, ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯವರಂತೂ ಮಳೆಗಾಲಕ್ಕೆ ಮುಂಚೆಯೇ. ರೂಟರ್‌ಗೆ ಮಾತ್ರ ಕೊಟ್ಟರೆ ಸಾಲದು, ಫೈಬರ್ ಡಬ್ಬಿಗೂ ಬೇಕು. ಎರಡು ಅಡಾಪ್ಟರ್‌ಗಳ ಮೇಲೆ ಬರೆದಿರುವ ವೋಲ್ಟ್ ಹೊಂದುತ್ತದೆಯೇ, ಆಂಪಿಯರ್ ಕೂಡಿದಾಗ ಯುಪಿಎಸ್ ಎಳೆಯುತ್ತದೆಯೇ ನೋಡಿಕೊಳ್ಳಿ. ಪಿಸಿಯ ಬಯಾಸ್‌ನಲ್ಲಿ ಕರೆಂಟ್ ಮರಳಿದಾಗ ತಾನೇ ಆನ್ ಆಗುವ ಆಯ್ಕೆ ಹಾಕಿ, ಸರ್ವರ್ ಕಡತವನ್ನು ಟಾಸ್ಕ್ ಶೆಡ್ಯೂಲರ್‌ಗೆ ಸೇರಿಸಿದರೆ, ನೀವು ಊರಲ್ಲಿ ಇಲ್ಲದಾಗಲೂ ಆಟ ಮತ್ತೆ ಶುರುವಾಗುತ್ತದೆ.